ಅರೆತಲೆನೋವಿನ ಖಾತೆ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರಿಗೆ ವೈದ್ಯದ ಮಾತೇಕೆಂದು ತಾವು ಕೇಳಬಹುದು. ನಾವು ವೈದ್ಯರಲ್ಲ; ಆದರೆ ನಮ್ಮಲ್ಲಿ ಅನೇಕರು ಅರೆತಲೆನೋವಿನ ಹಳೆಯ ಖಾತೆದಾರರು. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಆ ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ನಡೆಸಿ, 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಒಂದು ವರ್ಷದ ಅವಧಿಯಲ್ಲಿ ವಯಸ್ಕರಲ್ಲಿ ನೂರಕ್ಕೆ 25 ಮಂದಿಗೆ ಈ ಬೇನೆ ಇದ್ದಿತು.

ಇದು ಜೀವಮಾನವೆಲ್ಲ ಒಂದೇ ರೂಪದಲ್ಲಿರುವುದಿಲ್ಲ. ಮಕ್ಕಳಲ್ಲಿ ಹಣೆಯ ಎರಡು ಕಡೆಗೂ ಬರುವುದುಂಟು, ಬೇಗ ಬಿಡುವುದೂ ಉಂಟು. ಕೆಲವರಿಗೆ ಹೊಟ್ಟೆನೋವು, ವಾಂತಿಯಾಗಿ ಮೊದಲು ಕಾಣಿಸುತ್ತದೆ. ಹಿರಿಯರು ಅದನ್ನು ಶಾಲೆ ತಪ್ಪಿಸುವ ನೆಪವೆನ್ನುತ್ತಾರೆ. ಪ್ರಾಯಕ್ಕೆ ಮುನ್ನ ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮನಾಗಿರುವ ಬೇನೆ, ಆನಂತರ ಹೆಂಗಸರಲ್ಲಿ ಗಂಡಸರ ಎರಡು ಮೂರು ಪಟ್ಟಾಗುತ್ತದೆ. ಬಸಿರಿನಲ್ಲಿ ಅನೇಕರಿಗೆ ತಗ್ಗುತ್ತದೆ. ಮುಟ್ಟು ನಿಲ್ಲುವ ಕಾಲಕ್ಕೆ ಕೆಲವರಿಗೆ ಏರಿ, ಆಮೇಲೆ ಇಳಿಯುತ್ತದೆ. ಮುಪ್ಪಿನಲ್ಲಿ ಕೆಲವರಿಗೆ ನೋವು ಹೋಗಿ, ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆ ಮಾತ್ರ ಉಳಿಯುತ್ತದೆ.

ಅಪಾಯದ ತಿರುವು ಬೇರೆ. ತಿಂಗಳಿಗೆ ಎರಡು ದಿನವಿದ್ದದ್ದು ನಾಲ್ಕಾಗಿ, ಎಂಟಾಗಿ, ಕೊನೆಗೆ 15 ದಿನ ಮುಟ್ಟುವುದುಂಟು. ಅವುಗಳಲ್ಲಿ 8 ದಿನವಾದರೂ ಅರೆತಲೆನೋವಿನ ಲಕ್ಷಣವಿದ್ದು, ಮೂರು ತಿಂಗಳು ಮೀರಿ ಹೀಗೆಯೇ ನಡೆದರೆ ವೈದ್ಯರು ದೀರ್ಘಕಾಲಿಕವೆನ್ನುತ್ತಾರೆ. ನಿದ್ದೆಗೇಡು, ಚಿಂತೆ, ಅತಿಬೊಜ್ಜು ಇದಕ್ಕೆ ಇಂಬು ಕೊಡುತ್ತವೆ. ಎಲ್ಲಕ್ಕಿಂತ ವಿಚಿತ್ರವಾದ ಕಾರಣ ಗುಳಿಗೆಯೇ. ಲೋಕಲ್ ಹಿಡಿಯುವ ಅವಸರದಲ್ಲಿ ಕೊಂಡು ನುಂಗುವ ಸಾದಾ ನೋವಿನ ಗುಳಿಗೆ ತಿಂಗಳಿಗೆ 15 ದಿನ, ಹಲವು ಮದ್ದು ಬೆರೆತದ್ದಾದರೆ 10 ದಿನ, ಹೀಗೆ ತಿಂಗಳುಗಟ್ಟಲೆ ನಡೆದರೆ ಗುಳಿಗೆಯೇ ನೋವನ್ನು ಸಾಕುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಬಡ್ಡಿ ಬೆಳೆಯುತ್ತದೆ, ಅಸಲು ಕರಗುವುದಿಲ್ಲ.

ಆದರೆ ಈ ಖಾತೆ ಹಿಂದಕ್ಕೂ ತಿರುಗಬಲ್ಲದು. ವೈದ್ಯರ ಸಲಹೆಯಂತೆ ಗುಳಿಗೆ ತಗ್ಗಿಸಿ, ನೋವು ಬಾರದಂತೆ ತಡೆಯುವ ಔಷಧ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ಉಂಡು ಮಲಗಿದರೆ ಅನೇಕರಿಗೆ ನೋವಿನ ದಿನಗಳು ಇಳಿಯುತ್ತವೆ. ಆದುದರಿಂದ ನಮ್ಮ ಸೂಚನೆ ಇಷ್ಟೆ: ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೊಂದು, ನುಂಗಿದ ಗುಳಿಗೆಗೊಂದು ಗುರುತು ಹಾಕಿರಿ. ತಿಂಗಳ ಕೊನೆಗೆ ಕೂಡಿಸಿ, ಆ ಹಾಳೆಯನ್ನು ವೈದ್ಯರ ಮುಂದಿಡಿರಿ. ಐವತ್ತು ದಾಟಿದ ಮೇಲೆ ಹೊಸದಾಗಿ ಬಂದ ನೋವು, ಸಿಡಿಲಿನಂತೆ ಎರಗಿದ ನೋವು, ಕೈಕಾಲಿನ ಬಲ ಕುಂದಿಸುವ ನೋವು, ಇವಕ್ಕೆ ಮಾತ್ರ ತಿಂಗಳ ಕೊನೆಯನ್ನು ಕಾಯಬಾರದು.

ಮನೆಯಲ್ಲಿ ತಾಯಂದಿರು ತಲೆಗೆ ಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ನಿಲ್ಲುತ್ತಾರೆ. ಅವರ ನೋವಿನ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಮೊದಲ ಗುರುತು ಅವರ ಹೆಸರಿನಲ್ಲಿ ಬೀಳಲಿ.