ನಿವೃತ್ತಿಗೆ ಯಾವ ಊರು?



ನಮ್ಮ ಹಿರಿಯರಲ್ಲಿ ಅನೇಕರಿಗೆ 58 ವರ್ಷ ಸಮೀಪಿಸಿದೆ. ಹತ್ತು ವರ್ಷ ಸೇವೆಯಾದವರಿಗೆ ಭವಿಷ್ಯ ನಿಧಿಯ ಪಿಂಚಣಿ ದೊರೆಯುವ ವಯಸ್ಸದು. ಆಮೇಲೆ ಎಲ್ಲಿಗೆ? ಹಳ್ಳಿಗೆ ಎನ್ನುತ್ತದೆ ಮನಸ್ಸು. ಮಕ್ಕಳ ಬಳಿಗೆ ಎನ್ನುತ್ತದೆ ಕರುಳು.

ಎರಡಕ್ಕೂ ಹೊಂದುವ ದಾರಿಯುಂಟು. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣವಾದ ಮೇಲೆ ಭಟ್ಕಳ, ಬೈಂದೂರು, ಕುಂದಾಪುರಗಳ ಸುತ್ತಣ ಹಳ್ಳಿಗಳಿಂದ ಮುಂಬಯಿಗೆ ಒಂದು ರಾತ್ರಿಯ ಪಯಣ. ಮಂಗಳೂರಿಗೆ ಕೆಲವೇ ಗಂಟೆ. ಮಗ ಇಲ್ಲಿ, ಮಗಳು ಮಂಗಳೂರಿನಲ್ಲಿ ಇರುವವರಿಗೆ ಅಂಥ ಊರೇ ಲೇಸು.

ಆದರೆ ಊರು ನೋಡಲು ದೀಪಾವಳಿಗೆ ಹೋದರೆ ಸಾಲದು. ಆಷಾಢದ ಮಳೆಯಲ್ಲಿ ಕಾಲುಸಂಕ ದಾಟಿ ನೋಡೋಣ. ವೈಶಾಖದಲ್ಲಿ ಬಾವಿಗೆ ಇಣುಕಿ ನೋಡೋಣ. ನಡುರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಒಯ್ಯಲು ಗಾಡಿಯುಂಟೇ ಎಂದು ವಿಚಾರಿಸೋಣ. ಇದ್ದ ಫಂಡನ್ನೆಲ್ಲ ಮನೆಗೆ ಸುರಿಯುವ ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡೋಣ. ಕೊಳ್ಳುವ ಮನೆ ಗಂಡಹೆಂಡಿರಿಬ್ಬರ ಹೆಸರಿನಲ್ಲಿರಲಿ.

ತಂದೆತಾಯಿಗಳ ಪೋಷಣೆ ಮಕ್ಕಳ ಹೊಣೆಯೆಂದು 2007ರ ಕಾಯಿದೆ ಸಾರಿದೆ. ಕಾಯಿದೆ ಹಣ ಕೊಡಿಸೀತು, ಅಕ್ಕರೆ ಕೊಡಿಸದು. ಮಕ್ಕಳಿಗೆ ನಾಳೆ ಬೇರೆಡೆಗೆ ವರ್ಗವೂ ಆದೀತು. ಆದುದರಿಂದ ನಾವು ಆರಿಸುವ ಊರು ಮಕ್ಕಳಿಗೆ ಹತ್ತಿರವಿರಲಿ. ಅವರು ದೂರವಾದರೂ ನೆರೆಹೊರೆಯೊಡನೆ ಬಾಳಬಹುದಾದ ಊರಾಗಿರಲಿ.