ನುಡಿಯ ಗಡಿ, ನೆತ್ತರಿನ ದಾರಿ

ರಾಯದುರ್ಗದ ಹಿರಿಯರೇ, ಮಡಕಶಿರಾದಿಂದ ಬಂದ ಬಂಧುಗಳೇ,

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ಸೇರಿದ ಊರಿನಲ್ಲಿ ವಂಶಮೂಲದ ಈ ಪ್ರದರ್ಶನ ತೆರೆಯುತ್ತಿದೆ. ನಾನು ಹೇಳುವುದು ಇಷ್ಟೇ: ಆಡುವ ನುಡಿಯನ್ನು ನೋಡಿ ನೆತ್ತರಿನ ಮೂಲ ಹೇಳಲಾಗದು. ಒಂದೇ ಕುಲ, ಒಂದೇ ನುಡಿ ಎಂಬ ಹೆಸರು ಹೊತ್ತ ಜಪಾನನ್ನೇ ನೋಡಿ. ಬೇಟೆಯಾಡಿ ಬದುಕಿದ ಜೋಮೋನರ ಜೊತೆ ಭತ್ತ ತಂದ ಯಾಯೋಯಿ ಜನ ಬೆರೆತರೆಂದು ಮಾನವಶಾಸ್ತ್ರಜ್ಞ ಹನಿಹಾರ ಕಜುರೊ 1991ರಲ್ಲಿ ವಾದಿಸಿದರು. ಹಳೆಯ ಮೂಳೆಗಳ ಡಿಎನ್‌ಎ 2021ರಲ್ಲಿ ಮೂರನೆಯ ಮೂಲವನ್ನೂ ತೋರಿಸಿತು: ಯಾಯೋಯಿ ಕಾಲದ ನಂತರದ ಕೋಫುನ್ ಕಾಲದಲ್ಲಿ ಬಂದವರದು.

ನಮ್ಮ ನೆಲದ್ದೂ ಇಂಥದೇ ಕಥೆ. ಕಲ್ಯಾಣದುರ್ಗದ ಕಡೆಯ ಪಾಲವಾಯಿಯಲ್ಲೂ ಬಳ್ಳಾರಿಯ ಕುಡತಿನಿಯಲ್ಲೂ ಬೂದಿದಿಬ್ಬಗಳಿವೆ. ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟದ್ದು. ಕುಡತಿನಿಯಲ್ಲಿ ಉರಿಯ ಕಾವಿಗೆ ಬೂದಿಯೇ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಆ ಕಾಲದ ಜನ ಹುರುಳಿ, ಹೆಸರು ಬೆಳೆದರು. ಮಡಕಶಿರಾದ ರೈತರು ಇಂದಿಗೂ ಬಲ್ಲ ಕೊರಲೆಯೆಂಬ ಕಿರುಧಾನ್ಯವನ್ನೂ ಬೆಳೆದರು. ಇನ್ನು ನೆತ್ತರಿನ ಮಾತು: ಭಾರತದ ಬಹುತೇಕ ಸಮುದಾಯಗಳು ಎರಡು ಪ್ರಾಚೀನ ಮೂಲಗಳ ಬೆರಕೆಯೆಂದು ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮತ್ತು ಅಮೆರಿಕದ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಆ ಬೆರಕೆ ನಡೆದದ್ದು ಸುಮಾರು 4200ರಿಂದ 1900 ವರ್ಷಗಳ ಹಿಂದೆ ಎಂದು 2013ರ ಅಧ್ಯಯನ ಲೆಕ್ಕ ಹಾಕಿತು. ಬಿಸಿಲ ನಾಡಿನ ಮೂಳೆಯಲ್ಲಿ ಡಿಎನ್‌ಎ ಉಳಿಯುವುದೇ ಕಷ್ಟ, ಮತ್ತೆ ಈ ಲೆಕ್ಕಕ್ಕೆ ಆಧಾರವೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆರೆತ ಎರಡು ಮೂಲಗಳ ಡಿಎನ್‌ಎ ಎಳೆಗಳು ತಲೆಮಾರಿನಿಂದ ತಲೆಮಾರಿಗೆ ತುಂಡಾಗಿ ಗಿಡ್ಡವಾಗುತ್ತ ಹೋಗುತ್ತವೆ. ಬದುಕಿರುವವರ ರಕ್ತದಲ್ಲೇ ಆ ತುಂಡುಗಳ ಉದ್ದ ಅಳೆದು ಕಾಲವನ್ನು ಹೇಳಬಹುದು.

ಎಲ್ಲರೂ ಬೆರಕೆಯೆಂದರೆ ಕುಲ, ಬೆಡಗುಗಳೆಲ್ಲ ಸುಳ್ಳೇ? ಅಲ್ಲ. ಆ ಬೆರಕೆಯ ನಂತರ ಆಯಾ ಸಮುದಾಯದ ಒಳಗೊಳಗೇ ಮದುವೆಯಾದ ಗುರುತೂ ರಕ್ತದಲ್ಲಿ ಆಳವಾಗಿದೆ. ಅದರಿಂದಲೇ ಆಂಧ್ರದ ವೈಶ್ಯರಲ್ಲಿ ಕೆಲವರಿಗೆ ಆಪರೇಷನ್ ಹೊತ್ತಿನಲ್ಲಿ ಸ್ನಾಯು ಸಡಿಲಿಸಲು ಕೊಡುವ ಒಂದು ಮದ್ದಿನ ಪ್ರಭಾವ ಬೇಗ ಇಳಿಯದು. ಇಂಥದನ್ನು ಮೊದಲೇ ತಿಳಿದರೆ ಜೀವ ಉಳಿಯುತ್ತದೆ. ಈ ವಿದ್ಯೆ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಇಲ್ಲಿ, ಮೇಲುಕೀಳು ಹೇಳುವುದರಲ್ಲಲ್ಲ.

ಹಾಗಾದರೆ ಗಡಿಯಾಚೆ ಉಳಿದ ಕನ್ನಡಿಗರು ಯಾವ ಲೆಕ್ಕದಲ್ಲಿ ಕನ್ನಡಿಗರು? ಮಡಕಶಿರಾ ಸೀಮೆಯ ಹೇಮಾವತಿಯಿಂದ ಆಳಿದ ನೊಳಂಬ ಅರಸರು ತಮ್ಮನ್ನು ಕಂಚಿಯ ಪಲ್ಲವ ಕುಲದವರೆಂದು ಕಂಬದಲ್ಲಿ ಕೆತ್ತಿಸಿಕೊಂಡರು. ಆದರೂ ಅವರ ಶಾಸನಗಳು ಬಹುಪಾಲು ಕನ್ನಡದವು. ಕುಲ ಯಾವುದಾದರೇನು, ನಾಡಿನ ನುಡಿಯನ್ನು ಅವರು ತಮ್ಮದಾಗಿಸಿಕೊಂಡರು. ಇನ್ನು ಒಳಗೆ ಬನ್ನಿ. ಮಕ್ಕಳು ಮೊದಲು ಕೊರಲೆಯ ತೆನೆ ಇಟ್ಟಿರುವ ಮೇಜಿನ ಹತ್ತಿರ ಹೋಗಲಿ.