ರಸ್ತೆಯ ಹಕ್ಕು ಮತ್ತು ಲಾರಿ ಮಾಲಕರ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಗಳು ಅಲ್ಲಾಹನಿಗೆ. ಅವನ ಶಾಂತಿ ಮತ್ತು ಅನುಗ್ರಹ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಅನುಚರರ ಮೇಲೆ ಇರಲಿ.



ದಾರಿ ಬದಿಯಲ್ಲಿ ಕುಳಿತು ಮಾತನಾಡುವ ಅಭ್ಯಾಸವಿದ್ದ ಸಹಾಬಿಗಳಿಗೆ ಪ್ರವಾದಿವರ್ಯರು(ಸ), ಕುಳಿತುಕೊಳ್ಳಲೇಬೇಕೆಂದಾದರೆ ದಾರಿಯ ಹಕ್ಕನ್ನು ಸಲ್ಲಿಸಬೇಕೆಂದು ಕಲಿಸಿದರು. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮ್‌ಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು, ಇವೆಲ್ಲ ಆ ಹಕ್ಕಿನಲ್ಲಿ ಸೇರಿವೆ. ದಾರಿ ಬದಿಯಲ್ಲಿ ಸುಮ್ಮನೆ ಕುಳಿತವನ ಮೇಲೆಯೇ ಇಷ್ಟು ಹೊಣೆಯಿದ್ದರೆ, ಅದೇ ದಾರಿಗೆ ಹತ್ತು ಚಕ್ರದ ಲಾರಿಯನ್ನು ಇಳಿಸುವವನ ಹೊಣೆ ಎಷ್ಟಿರಬೇಕು?

ಆ ದಾರಿಯಲ್ಲಿ ಸೈಕಲ್ ತುಳಿಯುವವರು ಯಾರು ನೋಡಿ. ನಸುಕಿನಲ್ಲಿ ಪತ್ರಿಕೆ ಹಂಚುವ ಹುಡುಗ, ಬುತ್ತಿ ಕಟ್ಟಿಕೊಂಡು ಗಾರೆ ಕೆಲಸಕ್ಕೆ ಹೋಗುವ ಕೂಲಿಕಾರ, ಹೈಸ್ಕೂಲಿಗೆ ಹೋಗುವ ಮಕ್ಕಳು. 2006-07ರಿಂದ ನಮ್ಮ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಎಷ್ಟೋ ಹೆಣ್ಣುಮಕ್ಕಳು ಅದನ್ನೇರಿ ಶಾಲೆ ಕಂಡರು. ಆದರೆ ಅವರಿಗಾಗಿ ದಾರಿಯನ್ನು ನಾವು ಸಿದ್ಧಪಡಿಸಲಿಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೈಕಲ್ ಸವಾರರು.

ಅಂಥ ಅವಘಡ ಹೇಗಾಗುತ್ತದೆ ಎಂಬುದನ್ನು ಮಕ್ಕಳಿಗೆ ಮನೆಯಲ್ಲಿ ತಿಳಿಸಿಕೊಡಿ. ಲಾರಿ ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ. ಅದು ಒಳಗೆ ಸರಿದು ರಸ್ತೆಯ ಅಂಚನ್ನೇ ಸವರಿಕೊಂಡು ಬರುತ್ತದೆ. ಲಾರಿಯ ಎಡಬದಿಗೆ ಅಂಟಿಕೊಂಡಿರುವ ಸೈಕಲ್, ಎತ್ತರದಲ್ಲಿ ಕುಳಿತ ಡ್ರೈವರ್‌ನ ಕಣ್ಣಿಗೆ ಬೀಳುವುದಿಲ್ಲ. ನಿಂತ ಲಾರಿಯ ಎಡಕ್ಕೆ ನುಸುಳಬೇಡಿ, ಅದು ತಿರುಗುವಾಗ ಹಿಂದೆಯೇ ನಿಲ್ಲಿ, ಸಂಜೆಯಾದರೆ ಸೈಕಲ್ಲಿಗೆ ದೀಪ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಲಿ ಎಂದು ಹೇಳಿಕೊಡಿ.

ಆದರೆ ಮಕ್ಕಳಿಗೆ ಇಷ್ಟು ಹೇಳಿ ದೊಡ್ಡವರು ಕೈತೊಳೆದುಕೊಳ್ಳುವಂತಿಲ್ಲ. ಅಪಘಾತವಾದ ಮೇಲೆ ಎರಡು ಮಾತು ಕೇಳಿಬರುತ್ತವೆ. ‘ಡ್ರೈವರ್‌ಗೆ ಕಾಣಲಿಲ್ಲ’ ಎಂಬುದು ಒಂದು. ‘ಅಲ್ಲಾಹನ ವಿಧಿ, ಏನು ಮಾಡುವುದು’ ಎಂಬುದು ಇನ್ನೊಂದು. ವಿಧಿಯಲ್ಲಿ ನಮಗೆ ವಿಶ್ವಾಸವಿದೆ. ಆದರೆ ಅದು ಕಳಕೊಂಡವರ ಮನಸ್ಸಿಗೆ ಸಾಂತ್ವನ, ತಪ್ಪಿತಸ್ಥನಿಗೆ ನೆಪವಲ್ಲ. ತಪ್ಪಿ ಒಬ್ಬ ವಿಶ್ವಾಸಿಯನ್ನು ಕೊಂದವನ ಮೇಲೂ ಸೂರಃ ಅನ್ನಿಸಾದಲ್ಲಿ ಪ್ರಾಯಶ್ಚಿತ್ತವನ್ನೂ ಮೃತನ ಮನೆಯವರಿಗೆ ಪರಿಹಾರವನ್ನೂ ವಿಧಿಸಲಾಗಿದೆ. ಉದ್ದೇಶವಿರಲಿಲ್ಲ ಎಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ಹನಫಿ ಫಿಕ್ಹ್‌ನ ಪ್ರಸಿದ್ಧ ಗ್ರಂಥ ‘ಹಿದಾಯ’ದಲ್ಲಿ ಒಂದು ಮಸ್‌ಅಲ ಇದೆ. ಒಂದಕ್ಕೊಂದು ಕಟ್ಟಿದ ಒಂಟೆಗಳ ಸಾಲನ್ನು ಒಬ್ಬನು ಮುಂದೆ ನಿಂತು ನಡೆಸಿಕೊಂಡು ಹೋಗುತ್ತಿದ್ದಾನೆ. ಅದರಲ್ಲಿ ಯಾವುದೋ ಒಂಟೆ ದಾರಿಹೋಕನನ್ನು ತುಳಿದರೆ ಹೊಣೆ ನಡೆಸುವವನದೇ, ಏಕೆಂದರೆ ಇಡೀ ಸಾಲನ್ನು ನೋಡಿಕೊಳ್ಳುವುದು ಅವನ ಕರ್ತವ್ಯ. ಹಿಂದಿನಿಂದ ಅಟ್ಟುವವನೂ ಇದ್ದರೆ ಹೊಣೆ ಇಬ್ಬರದೂ. ಇನ್ನು, ನಡೆಸುವವನಿಗೆ ತಿಳಿಯದಂತೆ ಬೇರೊಬ್ಬನು ಸಾಲಿಗೆ ಒಂದು ಒಂಟೆಯನ್ನು ಕಟ್ಟಿ, ಅದು ಒಬ್ಬನನ್ನು ತುಳಿದು ಕೊಂದರೆ? ಪರಿಹಾರವನ್ನು ನಡೆಸುವವನ ಕಡೆಯವರು ಕೊಡಬೇಕು. ಆಮೇಲೆ ಅದನ್ನು ಕಟ್ಟಿದವನ ಕಡೆಯವರಿಂದ ವಸೂಲಿ ಮಾಡಿಕೊಳ್ಳಬಹುದು.

ಸಹೋದರರೇ, ಇದನ್ನು ಲಾರಿಗೆ ಹೋಲಿಸಿ ನೋಡಿ. ಹಿಂದಿನ ಒಂಟೆ ಕಾಣಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಸತ್ತವನ ಮನೆಯವರು ಅಪರಾಧಿ ಯಾರೆಂದು ಮನೆಮನೆ ಅಲೆಯಬೇಕಾಗಿಲ್ಲ. ಲೆಕ್ಕ ಕೊನೆಗೆ ಕಟ್ಟಿದವನವರೆಗೂ ಹೋಗುತ್ತದೆ. ಇಂದು ಕಟ್ಟುವವರು ಯಾರು? ಹತ್ತು ಟನ್ನಿನ ಜಾಗದಲ್ಲಿ ಹದಿನೈದು ಟನ್ ತುಂಬಿಸುವವರು, ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಕೊಟ್ಟು ನಿದ್ದೆಗೆಟ್ಟ ಡ್ರೈವರ್‌ನನ್ನು ಮತ್ತೆ ಓಡಿಸುವವರು, ಸವೆದ ಟಯರನ್ನು ಇನ್ನೊಂದು ತಿಂಗಳು ನಡೆಯಲಿ ಎನ್ನುವವರು. ನಮ್ಮ ಜಮಾಅತ್‌ಗಳಲ್ಲಿ ಲಾರಿ ಮಾಲಕರಿದ್ದಾರೆ, ಮರಳು ಜಲ್ಲಿ ವ್ಯಾಪಾರಿಗಳಿದ್ದಾರೆ. ಡ್ರೈವರ್, ಕ್ಲೀನರ್‌ಗಳು ಇನ್ನೂ ಹೆಚ್ಚಿದ್ದಾರೆ. ಜೈಲಿಗೆ ಹೋಗುವವನು ಡ್ರೈವರ್, ಸಮಯ ಮತ್ತು ಭಾರ ನಿಗದಿ ಮಾಡಿದವನು ಮಾಲಕ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಬಗ್ಗೆ ವಿಚಾರಣೆಗೊಳಗಾಗುವನೆಂಬ ಪ್ರವಾದಿ(ಸ)ರ ಎಚ್ಚರಿಕೆ ಮಾಲಕನಿಗೂ ಅನ್ವಯಿಸುತ್ತದೆ.

ದೇಶದ ಕಾನೂನೂ ಇದನ್ನೇ ಕೇಳುತ್ತದೆ. ಅಧಿಕ ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಸೈಕಲ್ ಸವಾರ ಚಕ್ರದಡಿಗೆ ಜಾರದಂತೆ ಭಾರಿ ವಾಹನಗಳ ಬದಿಗೆ ತಡೆಕಂಬಿ ಇರಬೇಕೆಂಬ ನಿಯಮವೂ ಇದೆ. ಲಂಡನ್ ನಗರ 2021ರಿಂದ, 12 ಟನ್ನಿಗಿಂತ ದೊಡ್ಡ ಲಾರಿಗಳು ಡ್ರೈವರ್‌ಗೆ ಸುತ್ತಲಿನವರು ಎಷ್ಟು ಕಾಣುತ್ತಾರೆ ಎಂಬುದರ ಮೇಲೆ ಪರವಾನಿಗೆ ಪಡೆಯಬೇಕೆಂದು ಕಡ್ಡಾಯ ಮಾಡಿದೆ. ಕಾಣದಿದ್ದರೆ ಕಾಣುವಂತೆ ಮಾಡುವುದು ಕಂಪೆನಿಯ ಕೆಲಸವೆಂದು ಅಲ್ಲಿ ತೀರ್ಮಾನಿಸಿದರು. ಒಂದು ಹೆಚ್ಚುವರಿ ಕನ್ನಡಿ, ಒಂದು ತಡೆಕಂಬಿ ಹಾಕಿಸಲು ನಾವು ಕಾನೂನಿನ ಬೆತ್ತಕ್ಕೆ ಕಾಯಬೇಕೇ?

ಇನ್ನೊಂದು ಮಾತನ್ನು ನಮ್ಮ ಮುಖಂಡರಿಗೆ ಹೇಳಲೇಬೇಕು. ಬಡವನ ಮನೆಯಲ್ಲಿ ಮಯ್ಯಿತ್ ಇರುವಾಗಲೇ ರಾಜಿ ಮಾಡಿಸಲು ಹೋಗಬೇಡಿ. ಕೈಗೆ ಒಂದಷ್ಟು ಹಣವಿಟ್ಟು ಸಹಿ ಹಾಕಿಸಿಕೊಳ್ಳುವುದು ಸಂಧಾನವಲ್ಲ, ಯತೀಮರ ಹಕ್ಕನ್ನು ಕಸಿಯುವುದು. ನ್ಯಾಯಕ್ಕಾಗಿ ಸ್ವಂತದವರ ವಿರುದ್ಧವಾದರೂ ಸಾಕ್ಷಿ ನಿಲ್ಲಬೇಕೆಂದು ಕುರ್‌ಆನ್ ಆಜ್ಞಾಪಿಸಿದೆ. ಲಾರಿ ನಮ್ಮವರದ್ದೇ ಆದರೂ ಅಷ್ಟೇ, ಸತ್ತವರು ಯಾವ ಧರ್ಮದವರಾದರೂ ಅಷ್ಟೇ. ಆ ಮನೆಯವರಿಗೆ ತಿಳಿಸಿ: ತಪ್ಪು ಯಾರದೆಂದು ಸಾಬೀತು ಮಾಡದೆಯೂ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ 2.5 ಲಕ್ಷ ರೂಪಾಯಿಯನ್ನು ವಾಹನ ಮಾಲಕ ಅಥವಾ ವಿಮಾ ಕಂಪೆನಿಯಿಂದ ಕೇಳಬಹುದು. ಅದಕ್ಕಿಂತ ಹೆಚ್ಚಿನ ಪರಿಹಾರ ಬೇಕಿದ್ದರೆ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಜಮಾಅತ್‌ನ ಒಬ್ಬ ಓದಿದ ಯುವಕ ಜೊತೆಗೆ ಹೋದರೆ ಸಾಕು.

ಯುವಕರೇ, ಅಪಘಾತ ಕಂಡರೆ ಡ್ರೈವರ್‌ಗೆ ಹೊಡೆಯಬೇಡಿ. ಜನ ಹೊಡೆಯುತ್ತಾರೆಂಬ ಭಯದಲ್ಲೇ ಹಲವರು ಗಾಯಾಳುವನ್ನು ಬಿಟ್ಟು ಓಡುತ್ತಾರೆ. ಮೊದಲು ಆಸ್ಪತ್ರೆಗೆ ಸಾಗಿಸಿ. ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ. ಲಾರಿಯ ನಂಬರ್ ಬರೆದಿಟ್ಟುಕೊಳ್ಳಿ, ಸಾಕ್ಷಿ ಹೇಳಲು ಹಿಂಜರಿಯಬೇಡಿ.

ದಾರಿಯಿಂದ ಮುಳ್ಳು ಸರಿಸುವುದು ಈಮಾನಿನ ಒಂದು ಶಾಖೆ. ಮುಂದಿನ ಟ್ರಿಪ್‌ಗೆ ಮುಂಚೆ ಲಾರಿಯ ಬ್ರೇಕ್, ಟಯರ್, ಕನ್ನಡಿ ನೋಡಿಸುವುದೂ ಡ್ರೈವರ್‌ಗೆ ನಿದ್ದೆ ಮಾಡಲು ಬಿಡುವುದೂ ಅದೇ ಶಾಖೆಗೆ ಸೇರಿದ್ದು.

ಅಲ್ಲಾಹನು ನಮ್ಮ ಸಂಪಾದನೆಯನ್ನು ಅಮಾಯಕರ ರಕ್ತದಿಂದ ಶುದ್ಧವಾಗಿಡಲಿ. ಮನೆಯಿಂದ ಹೊರಟ ಪ್ರತಿ ಮಗುವೂ ಕ್ಷೇಮವಾಗಿ ಮರಳಲಿ. ಆಮೀನ್.